ಹಳೆಯ ಗಾಡಿ, ಹಳಸಿದ ಪೆಟ್ರೋಲು

ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷ ಕಳೆದರೂ ಊಟಕ್ಕೆ ಬರುತ್ತದೆ. ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಇಟ್ಟರೆ ಮುಂದಿನ ಮಿರಗದ ಮಳೆಗೆ ಮೊಳೆಯುತ್ತದೆ. ಹಾಲನ್ನು ಮಾತ್ರ ಯಾರೂ ನಾಡಿದ್ದಿಗೆಂದು ಹಾಗೆಯೇ ಇಡುವುದಿಲ್ಲ. ಯಾವುದು ಕೂಡಿಡತಕ್ಕ ಪದಾರ್ಥ, ಯಾವುದು ಅಂದಂದಿಗೆ ತೀರಿಸತಕ್ಕ ಪದಾರ್ಥ ಎಂಬ ತಿಳಿವಳಿಕೆ ಒಕ್ಕಲುಮಕ್ಕಳಿಗೆ ಹುಟ್ಟಿನೊಡನೆ ಬಂದದ್ದು. ಆದರೆ ನಮ್ಮ ಮನೆಗಳಿಗೆ ಹೊಸದಾಗಿ ಬಂದು ಸೇರಿರುವ ಒಂದು ಪದಾರ್ಥದ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಬೇರೂರಿಲ್ಲ. ಅದು ಪೆಟ್ರೋಲು. ಹಲವರು ಅದನ್ನು ಜೋಳವೆಂದು ತಿಳಿದು ಇಡುತ್ತಾರೆ. ಅದಾದರೋ ಹಾಲಿನ ಜಾತಿಯದು. ಈ ಮಾತನ್ನು ವಾಸ್ಕೋದ ನಮ್ಮ ಕನ್ನಡ ಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬೈನಾ, ಮಂಗೋರ್ ಹಿಲ್, ಸಡಾ, ಝುವಾರಿನಗರ ಈ ಕಡೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಬಹುಮಂದಿ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿಯ ಒಣಭೂಮಿಯಿಂದ ಬಂದವರು. ಕೈ ಗೋವೆಯಲ್ಲಿ ದುಡಿಯುತ್ತಿದ್ದರೂ ಕಣ್ಣು ಊರಿನ ಹೊಲದ ಮೇಲಿರುತ್ತದೆ. ಕಾರಹುಣ್ಣಿಮೆಯ ಸುಮಾರಿಗೆ ಬಿತ್ತಿಗೆಗೆಂದು ಗಂಟು ಕಟ್ಟುವರು. ಸುಗ್ಗಿಗೆ ಮತ್ತೊಮ್ಮೆ ಹೋಗುವರು. ಹೀಗಾಗಿ ಅವರ ಯಂತ್ರಗಳು ಎರಡೂ ಕಡೆ ಸುಮ್ಮನೆ ನಿಲ್ಲುತ್ತವೆ. ಇಲ್ಲಿ ಗೌಂಡಿ ಕೆಲಸಕ್ಕೆ, ಮೀನು ತರಕಾರಿಯ ವ್ಯಾಪಾರಕ್ಕೆ ಇಟ್ಟುಕೊಂಡ ಹಳೆಯ ಸ್ಕೂಟರು ಆಷಾಢದ ಮಳೆಯಲ್ಲಿ ಚಾಳಿನ ಗೋಡೆಗೆ ಆತು ನಿಲ್ಲುತ್ತದೆ. ಅಲ್ಲಿ ಔಷಧ ಹೊಡೆಯುವ ಪೆಟ್ರೋಲ್ ಪಂಪು, ನೀರೆತ್ತುವ ಚಿಕ್ಕ ಎಂಜಿನು, ಹುಲ್ಲು ಕೊಯ್ಯುವ ಯಂತ್ರ ಇವು ಹಂಗಾಮು ಮುಗಿದ ಮೇಲೆ ಅಟ್ಟ ಸೇರುತ್ತವೆ. ತಿಂಗಳುಗಟ್ಟಲೆ ಬಿಟ್ಟು ಬಂದವನು ಕಿಕ್ ಹೊಡೆದೇ ಹೊಡೆಯುತ್ತಾನೆ, ಯಂತ್ರ ಉಸಿರೆತ್ತುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಮಿಸ್ತ್ರಿಗೆ ಕೊಡುವ ಹಣವೂ ಹೋಗುತ್ತದೆ. ಔಷಧ ಹೊಡೆಯಬೇಕಾದ ದಿನ ತಪ್ಪಿದರೆ ಬೆಳೆಯೇ ಹೋದೀತು. ತಪ್ಪನ್ನು ಹಳೆಯ ಗಾಡಿಯ ತಲೆಗೆ ಕಟ್ಟುವುದು ವಾಡಿಕೆ. ಅನೇಕ ವೇಳೆ ತಪ್ಪು ಗಾಡಿಯದಲ್ಲ, ಅದರ ಹೊಟ್ಟೆಯಲ್ಲಿ ಉಳಿದ ಎಣ್ಣೆಯದು.

ಹೆಸರು ಹಳೆಯದು, ಪದಾರ್ಥ ಹೊಸದು

ಪೆಟ್ರೋಲು ಎಂಬ ಹೆಸರು ಬದಲಾಗಿಲ್ಲ, ಪದಾರ್ಥ ಬದಲಾಗಿದೆ. ೨೦೦೦ದ ಫೆಬ್ರವರಿ ೧ರಿಂದ ದೇಶದಲ್ಲೆಲ್ಲ ಸೀಸ ಬೆರೆಸದ ಪೆಟ್ರೋಲು ಬಂತು. ೨೦೦೩ರಿಂದ ಕೆಲವು ರಾಜ್ಯಗಳಲ್ಲಿ ನೂರಕ್ಕೆ ೫ರಂತೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸತೊಡಗಿದರು. ೨೦೨೨ರ ಜೂನ್ ವೇಳೆಗೆ ಅದು ನೂರಕ್ಕೆ ೧೦ ಆಯಿತು. ೨೦೨೩ರ ಫೆಬ್ರವರಿ ೬ರಂದು ಪ್ರಧಾನಮಂತ್ರಿಗಳು ನಮ್ಮ ಬೆಂಗಳೂರಿನಲ್ಲಿಯೇ ನೂರಕ್ಕೆ ೨೦ರ ಪೆಟ್ರೋಲನ್ನು ಹೊರತಂದರು. ೨೦೨೫ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲಾಯಿತು. ಎಂದರೆ ಇಂದು ಟಾಕಿಗೆ ಐದು ಲೀಟರು ಹಾಕಿಸಿದರೆ ಅದರಲ್ಲಿ ಒಂದು ಲೀಟರಿನಷ್ಟು ಮದ್ಯಸಾರವೇ ಇರುತ್ತದೆ.

ಈ ಮದ್ಯಸಾರ ಎಲ್ಲಿಂದಲೋ ಬಂದದ್ದಲ್ಲ. ಕಬ್ಬಿನ ರಸದಿಂದ, ಕಾಕಂಬಿಯಿಂದ, ಮೆಕ್ಕೆಜೋಳದಿಂದ, ಅಕ್ಕಿಯ ನುಚ್ಚಿನಿಂದ ತೆಗೆದದ್ದು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಅದನ್ನು ಭಟ್ಟಿಯಿಳಿಸುತ್ತವೆ. ಮುಧೋಳದ ಕಬ್ಬಿನ ಗದ್ದೆಯ ಸತ್ವವೇ ವಾಸ್ಕೋದ ಸ್ಕೂಟರಿನಲ್ಲಿ ಉರಿಯುತ್ತಿರಬಹುದು. ಕಬ್ಬಿನ ಬಾಕಿ ಬೇಗ ಸಂದಾಯವಾಗಲು ಇದರಿಂದ ಸಹಾಯವಾಯಿತೆಂದು ಸರಕಾರ ಹೇಳುತ್ತದೆ. ಪರದೇಶದ ಎಣ್ಣೆಗೆ ಸುರಿಯುವ ಹಣವೂ ಅಷ್ಟು ಉಳಿಯುತ್ತದೆ. ಇದು ಹೊಸ ಕಲ್ಪನೆಯೂ ಅಲ್ಲ. ೧೯೪೮ರಲ್ಲಿಯೇ ಭಾರತ ಸರಕಾರ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಬಗ್ಗೆ ಕಾನೂನು ಮಾಡಿತ್ತು. ಬ್ರೆಜಿಲ್ ದೇಶ ೧೯೭೫ರಿಂದ ಕಬ್ಬಿನ ಮದ್ಯಸಾರದಿಂದ ಮೋಟಾರು ಓಡಿಸುತ್ತ ಬಂದಿದೆ. ಆದುದರಿಂದ ಎಥನಾಲ್ ಎಂದೊಡನೆ ಮೂಗು ಮುರಿಯುವ ಪಂಗಡಕ್ಕೆ ನಾವು ಸೇರಿದವರಲ್ಲ. ರೈತನ ಬೆಳೆಗೆ ಇನ್ನೊಂದು ಗಿರಾಕಿ ದೊರೆತರೆ ನಮಗೆ ಸಂತೋಷವೇ. ನಮ್ಮ ತಕರಾರು ಬೇರೆ. ಪದಾರ್ಥದ ಗುಣ ಬದಲಾದಾಗ ಅದನ್ನು ಬಳಸುವ ರೀತಿಯೂ ಬದಲಾಗಬೇಕೆಂಬುದನ್ನು ಬಡವನ ಭಾಷೆಯಲ್ಲಿ, ಬಡವನ ಓಣಿಗೆ ಬಂದು ಹೇಳುವವರು ಸಾಲದು.

ಕೆಡುವ ಮೂರು ಬಗೆ

ಪೆಟ್ರೋಲು ಮೂರು ಬಗೆಯಾಗಿ ಕೆಡುತ್ತದೆ. ಮೊದಲನೆಯದು ವಯಸ್ಸಿನಿಂದ. ಪೆಟ್ರೋಲಿನಲ್ಲಿ ಹಗುರವಾದ ಭಾಗ, ಭಾರವಾದ ಭಾಗ ಎಂದು ಅನೇಕ ದ್ರವಗಳು ಕೂಡಿರುತ್ತವೆ. ತಣ್ಣಗಿರುವ ಎಂಜಿನನ್ನು ಹೊತ್ತಿಸುವುದು ಹಗುರವಾದ ಭಾಗ. ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯೊಡನೆ ಸೇರಿ ಮೆಲ್ಲಗೆ ಅಂಟಾಗುತ್ತದೆ. ಜಾಲಿಮರದ ಗೋಂದಿನಂತಹ ಈ ಅಂಟು ಕಾರ್ಬೊರೇಟರಿನ ಕೂದಲೆಳೆಯಂತಹ ತೂತುಗಳನ್ನು ಮುಚ್ಚುತ್ತದೆ. ಹೀಗೆ ಹಳಸಿದ ಪೆಟ್ರೋಲಿಗೆ ಹೊಸದರ ಘಾಟು ಇರುವುದಿಲ್ಲ. ಹಳೆಯ ವಾರ್ನಿಷಿನಂತಹ ಹುಳಿವಾಸನೆ ಬರುತ್ತದೆ, ಬಣ್ಣ ಕಂದಾಗುತ್ತದೆ. ಬಿಗಿಯಾದ ಲೋಹದ ಡಬ್ಬಿಯಲ್ಲಿ ನೆರಳಲ್ಲಿಟ್ಟರೆ ಕೆಲವು ತಿಂಗಳು ತಾಳಬಹುದು. ಹಳೆಯ ಗಾಡಿಯ ಟಾಕಿಯಲ್ಲಾದರೆ ಒಂದೆರಡು ತಿಂಗಳಿಗಿಂತ ಹೆಚ್ಚು ನಂಬತಕ್ಕದ್ದಲ್ಲ.

ಎರಡನೆಯದು ನೀರಿನಿಂದ. ಗೋವೆಯ ಕರಾವಳಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿನ ಹತ್ತಿರ ಮಳೆ ಬೀಳುತ್ತದೆ. ಗದಗ, ಕೊಪ್ಪಳದಲ್ಲಿ ಅದರ ಐದರಲ್ಲೊಂದು ಪಾಲಿನಷ್ಟು. ಊರಿನಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿಗೆ ಏನೂ ಆಗಲಿಲ್ಲವೆಂದು ಇಲ್ಲಿಯೂ ಹಾಗೆಯೇ ಬಿಟ್ಟರೆ ನಡೆಯದು. ಹಳೆಯ ಪೆಟ್ರೋಲಿನಲ್ಲಿ ನೀರು ಬೆರೆಯುತ್ತಿರಲಿಲ್ಲ. ತಳದಲ್ಲಿ ಗುಳ್ಳೆಯಾಗಿ ಕೂಡುತ್ತಿತ್ತು, ತಿರುಪು ಬಿಚ್ಚಿ ಬಸಿದರೆ ಮುಗಿಯುತ್ತಿತ್ತು. ಮದ್ಯಸಾರಕ್ಕಾದರೋ ನೀರಿನ ನಂಟು ಬಹಳ. ನೂರಕ್ಕೆ ಹತ್ತರ ಮಿಶ್ರಣವಾದರೆ ಲೀಟರಿಗೆ ಸುಮಾರು ಒಂದು ಚಹದ ಚಮಚೆಯಷ್ಟು ನೀರನ್ನು ಅದು ಹೀರಿಕೊಂಡು ತಾಳುತ್ತದೆ. ಇಪ್ಪತ್ತರದು ಇನ್ನೂ ಸ್ವಲ್ಪ ಹೆಚ್ಚು ತಾಳುತ್ತದೆ. ಅಷ್ಟರ ಮಟ್ಟಿಗೆ ಅದು ಉಪಕಾರಿಯೇ. ಆದರೆ ಮಿತಿ ಮೀರಿತೋ, ಹಾಲು ಒಡೆದಂತೆ ಒಮ್ಮೆಲೇ ಒಡೆಯುತ್ತದೆ. ನೀರೂ ಮದ್ಯಸಾರವೂ ಕೂಡಿ ತಳಕ್ಕೆ ಇಳಿಯುತ್ತವೆ. ಸತ್ವಗುಂದಿದ ಪೆಟ್ರೋಲು ಮೇಲೆ ತೇಲುತ್ತದೆ. ಎಂಜಿನಿಗೆ ಹೋಗುವ ನಳಿಗೆ ಟಾಕಿಯ ತಳದಲ್ಲಿರುವುದರಿಂದ ಅದು ಮೊದಲು ಕುಡಿಯುವುದು ಆ ನೀರುಸಾರವನ್ನೇ. ಟಾಕಿಯ ಒಳಗೋಡೆಗೆ ತುಕ್ಕು ಹಿಡಿಸುವುದೂ ಅದೇ.

ಗಾಳಿಯ ತೇವದಿಂದ ಇಷ್ಟು ನೀರು ಸೇರಲು ಬಹುಕಾಲ ಬೇಕು. ಮುಖ್ಯ ಶತ್ರು ಮಳೆಯ ನೀರು. ಅದರ ಬಾಗಿಲು ಟಾಕಿಯ ಮುಚ್ಚಳ. ಹತ್ತು ವರ್ಷದ ಗಾಡಿಯಲ್ಲಿ ಮುಚ್ಚಳದ ರಬ್ಬರು ಬಿರಿದಿರುತ್ತದೆ. ಕೆಲವೇ ರೂಪಾಯಿಯ ಆ ರಬ್ಬರಿನ ಬಳೆಯನ್ನು ಮಳೆಗಾಲಕ್ಕೆ ಮುಂಚೆ ಬದಲಿಸಿದರೆ ಅರ್ಧ ರೋಗ ಹೋದಂತೆ.

ಮೂರನೆಯದು ಕಲಬೆರಕೆಯಿಂದ. ಇದು ಮನುಷ್ಯ ಮಾಡುವ ಕೇಡು. ಸೀಮೆಯೆಣ್ಣೆ, ಬಣ್ಣದ ಕೆಲಸದ ಅಗ್ಗದ ದ್ರವಗಳು ಇಂಥವನ್ನು ಬೆರೆಸಿ ಮಾರುವ ಕೆಟ್ಟ ಚಾಳಿ ದೇಶದಲ್ಲಿ ಹಿಂದಿನಿಂದಲೂ ಉಂಟು. ಪಂಪಿಗೆ ಹೋಗದೆ ದಾರಿಬದಿಯ ಅಂಗಡಿಯಲ್ಲಿ ಬಾಟಲಿಯ ಪೆಟ್ರೋಲು ಕೊಳ್ಳುವವನಿಗೆ ಈ ಭಯ ಹೆಚ್ಚು. ಅದು ಎಷ್ಟು ದಿನದ್ದು, ಅದರಲ್ಲಿ ಏನಿದೆ, ಯಾರೂ ಹೇಳಲಾರರು. ಕೇಳಲು ರಸೀದಿಯೂ ಇಲ್ಲ.

ಹಳೆಯ ಗಾಡಿಗೆ ಇನ್ನೊಂದು ಕಷ್ಟವೂ ಸೇರಿದೆ. ೨೦೨೩ರ ಏಪ್ರಿಲಿನಿಂದ ಬಂದ ಗಾಡಿಗಳ ನಳಿಗೆ, ರಬ್ಬರು ಮೊದಲಾದವು ಇಪ್ಪತ್ತರ ಮಿಶ್ರಣಕ್ಕೆ ತಾಳುವಂತೆ ಮಾಡಿದವು. ಅದಕ್ಕಿಂತ ಹಿಂದಿನ ಚೇತಕ್, ಲೂನಾ, ಹಳೆಯ ಮೋಟಾರ್ ಸೈಕಲ್ಲುಗಳಲ್ಲಿ ಇಂಥ ಏರ್ಪಾಡು ಇರಲಿಲ್ಲ. ಅವುಗಳ ರಬ್ಬರು ಮದ್ಯಸಾರದಲ್ಲಿ ಉಬ್ಬಬಹುದು, ಮೆದುವಾಗಬಹುದು, ಬಿರಿಯಬಹುದು. ಹಳೆಯ ಟಾಕಿಯಲ್ಲಿ ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಕೊಳೆಯನ್ನು ಮದ್ಯಸಾರ ತೊಳೆದು ಕಾರ್ಬೊರೇಟರಿಗೆ ತಂದು ಹಾಕುವುದೂ ಉಂಟು. ಗಾಡಿ ಹೊಸದು ಮಾಡಿಕೊಳ್ಳಿರೆಂದು ಹೇಳುವುದು ಸುಲಭ. ಇಪ್ಪತ್ತು ವರ್ಷದ ಸ್ಕೂಟರಿನ ಮೇಲೆ ಸಂಸಾರದ ಬಂಡಿ ಎಳೆಯುವವನಿಗೆ ಆ ಮಾತು ಉಪದೇಶವಲ್ಲ, ಅಣಕ.

ಮನೆಯಲ್ಲಿ ಮಾಡತಕ್ಕದ್ದು

ಮೊದಲನೆಯದಾಗಿ, ಬೇಕಾದಷ್ಟೇ ಕೊಳ್ಳಬೇಕು. ಗೋವೆಯಲ್ಲಿ ೨೦೧೨ರಲ್ಲಿ ತೆರಿಗೆ ಇಳಿಸಿ ಪೆಟ್ರೋಲು ಲೀಟರಿಗೆ ಸುಮಾರು ೧೧ ರೂಪಾಯಿ ಅಗ್ಗವಾದಾಗ ಗಡಿಯ ಈಚೆಯಿಂದ ಹೋಗಿ ತುಂಬಿಸಿಕೊಂಡು ಬರುವ ರೂಢಿ ಬೆಳೆಯಿತು. ಅಗ್ಗವೆಂದು ಕೊಂಡು ಅಟ್ಟದಲ್ಲಿ ಹಳಸಿದರೆ ಉಳಿತಾಯವೆಲ್ಲಿ ಬಂತು? ಒಂದು ತಿಂಗಳೊಳಗೆ ತೀರುವಷ್ಟನ್ನು ಮಾತ್ರ ಮನೆಗೆ ತರುವುದು ಲೇಸು.

ಎರಡನೆಯದಾಗಿ, ಗಾಡಿಯನ್ನು ಬಿಟ್ಟು ಊರಿಗೆ ಹೋಗುವಾಗ ಎಷ್ಟು ದಿನ ಎಂದು ಲೆಕ್ಕ ಹಾಕಬೇಕು. ಮೂರು ನಾಲ್ಕು ವಾರವಾದರೆ ಟಾಕಿಯನ್ನು ಬಹುಮಟ್ಟಿಗೆ ತುಂಬಿಸಿ, ಎಣ್ಣೆಯ ನಲ್ಲಿ ಮುಚ್ಚಿ, ಗಾಡಿಯನ್ನು ಸೂರಿನ ಕೆಳಗೆ ನಿಲ್ಲಿಸಿ ತಾಡಪತ್ರಿ ಹೊದಿಸಬೇಕು. ತುಂಬಿದ ಟಾಕಿಯಲ್ಲಿ ತೇವದ ಗಾಳಿಗೆ ಎಡೆ ಕಡಿಮೆ. ಎರಡು ತಿಂಗಳು ಮೀರುವುದಾದರೆ ಟಾಕಿಯನ್ನೂ ಕಾರ್ಬೊರೇಟರಿನ ಕೆಳಗಿನ ಬಟ್ಟಲನ್ನೂ ಪೂರ್ತಿ ಬಸಿಯಬೇಕು. ಬಸಿದು ತೆಗೆದ ಒಳ್ಳೆಯ ಪೆಟ್ರೋಲನ್ನು ನೆರೆಯವನ ಗಾಡಿಗೆ ಹಾಕಿದರೆ ಅದು ಕೆಡುವುದಿಲ್ಲ, ನಂಟೂ ಉಳಿಯುತ್ತದೆ. ಬರಿದಾದ ಕಬ್ಬಿಣದ ಟಾಕಿಯೊಳಗೆ ಒಂದೆರಡು ಚಮಚೆ ಎಂಜಿನ್ ಎಣ್ಣೆ ಹಾಕಿ ಎಲ್ಲ ಕಡೆ ಆಡಿಸಿದರೆ ತುಕ್ಕು ಹಿಡಿಯದು. ಔಷಧದ ಪಂಪಿಗೆ, ಹುಲ್ಲಿನ ಯಂತ್ರಕ್ಕೆ ಇನ್ನೂ ಸುಲಭದ ಕ್ರಮವಿದೆ. ಹಂಗಾಮಿನ ಕೊನೆಯ ದಿನ ಟಾಕಿ ಬಸಿದು, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಬೇಕು.

ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಯಂತ್ರವಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೀರು ಸೇರಿ ಮಿಶ್ರಣ ಒಡೆದಾಗ, ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ತಳದ ನೀರುಸಾರದಲ್ಲಿ ಜಿಡ್ಡು ಇರುವುದಿಲ್ಲ. ಅದನ್ನು ಕುಡಿದ ಎಂಜಿನು ಕೀಲೆಣ್ಣೆ ಕಾಣದ ಬಂಡಿಯ ಅಚ್ಚಿನಂತೆ ಉಜ್ಜಿ ಉಜ್ಜಿ ಹಿಡಿದುಕೊಂಡುಬಿಡುತ್ತದೆ. ಆದುದರಿಂದ ಎಣ್ಣೆಯನ್ನು ಅಂದಿನ ಕೆಲಸಕ್ಕೆ ಬೇಕಾದಷ್ಟು ಪೆಟ್ರೋಲಿಗೆ ಮಾತ್ರ ಬೆರೆಸಬೇಕು. ಉಳಿದದ್ದನ್ನು ಮುಂದಿನ ಬೆಳೆಗೆಂದು ಇಡಬಾರದು.

ಮೂರನೆಯದಾಗಿ, ಬಹುದಿನ ನಿಂತ ಗಾಡಿಯನ್ನು ಬಂದ ಕೂಡಲೆ ಕಿಕ್ ಹೊಡೆಯಬಾರದು. ಮೊದಲು ತಳದಿಂದ ಸ್ವಲ್ಪ ಪೆಟ್ರೋಲನ್ನು ಚಿಕ್ಕ ಗಾಜಿನ ಸೀಸೆಗೆ ಬಸಿದು, ಬೂಚು ಹಾಕಿ, ಒಂದು ಗಂಟೆ ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು. ನಡುವೆ ಗೆರೆ ಕಂಡರೆ ನೀರು ಸೇರಿದೆ, ಮಬ್ಬಾಗಿದ್ದರೂ ಸಂಶಯ. ಗೆರೆಯಿಲ್ಲ, ವಾಸನೆ ಸರಿಯಿದೆ, ತುಸು ಹಳೆಯದು ಅಷ್ಟೇ ಎಂದಾದರೆ ಒಂದು ಪಾಲಿಗೆ ನಾಲ್ಕೈದು ಪಾಲು ಹೊಸ ಪೆಟ್ರೋಲು ಬೆರೆಸಿ ತೀರಿಸಬಹುದು. ಹುಳಿವಾಸನೆ ಹೊಡೆಯುವುದನ್ನು, ಒಡೆದದ್ದನ್ನು ಹೊಸದರೊಡನೆ ಬೆರೆಸಿ ಉಳಿಸಲು ಹೋಗಬಾರದು. ಹಳಸಿದ ಅನ್ನಕ್ಕೆ ಬಿಸಿ ಅನ್ನ ಬೆರೆಸಿದರೆ ಎರಡೂ ಕೆಡುತ್ತವೆ. ಟಾಕಿಯನ್ನು ತುಸು ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆದು, ಸೋಸುಕ ಬದಲಿಸಿ, ಕಾರ್ಬೊರೇಟರನ್ನು ಮಿಸ್ತ್ರಿಯಿಂದ ಸ್ವಚ್ಛಮಾಡಿಸಬೇಕು. ಅದರ ತೂತುಗಳಿಗೆ ಸೂಜಿ, ತಂತಿ ಚುಚ್ಚಬಾರದು; ತೂತು ದೊಡ್ಡದಾದರೆ ಗಾಡಿ ಎಂದೆಂದಿಗೂ ಹೆಚ್ಚು ಕುಡಿಯುತ್ತದೆ. ಅದೇ ಹೊತ್ತಿನಲ್ಲಿ ರಬ್ಬರಿನ ನಳಿಗೆಯನ್ನೂ ಬದಲಿಸಿ, ಮದ್ಯಸಾರಕ್ಕೆ ತಾಳುವಂಥದನ್ನೇ ಕೇಳಿ ಹಾಕಿಸಬೇಕು.

ಜೀವದ ಮಾತು

ಗಾಡಿ ಹೋದರೆ ಮತ್ತೊಂದು ಬಂದೀತು, ಜೀವ ಬಾರದು. ಟಾಕಿಯಿಂದ ಪೆಟ್ರೋಲು ತೆಗೆಯಲು ನಳಿಗೆಯನ್ನು ಬಾಯಲ್ಲಿಟ್ಟು ಎಳೆಯುವ ಅಭ್ಯಾಸ ನಮ್ಮ ಹುಡುಗರಲ್ಲಿ ಬಹಳ. ಇದು ಸರ್ವಥಾ ಕೂಡದು. ಗುಟುಕು ತಪ್ಪಿ ಒಂದಿಷ್ಟು ಪೆಟ್ರೋಲು ಪುಪ್ಪುಸಕ್ಕೆ ಇಳಿದರೆ ಪ್ರಾಣಕ್ಕೇ ಬರುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸಿ ಕಕ್ಕಿಸುವುದು ಇಲ್ಲಿ ಔಷಧವಲ್ಲ, ವಿಷ. ಮೇಲಕ್ಕೆ ಬರುವಾಗ ಅದು ಮತ್ತೆ ಪುಪ್ಪುಸಕ್ಕೆ ಹೋಗುತ್ತದೆ. ತಡಮಾಡದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಬಸಿಯುವ ಕೆಲಸವನ್ನು ಹಗಲಲ್ಲಿ, ಬಯಲಲ್ಲಿ, ಎಂಜಿನು ತಣ್ಣಗಾದ ಮೇಲೆ ಮಾಡಬೇಕು. ಬೀಡಿ, ಒಲೆ, ದೇವರ ದೀಪ ಯಾವುದೂ ಹತ್ತಿರ ಇರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಆಚೆಮನೆಯ ಒಲೆಯನ್ನು ಮುಟ್ಟಿ ಬೆಂಕಿಯಾಗಿ ತಿರುಗಿ ಬರುತ್ತದೆ. ಗೋಡೆಗೆ ಗೋಡೆ ಅಂಟಿದ ಚಾಳುಗಳಲ್ಲಿ ಒಬ್ಬನ ಅಜಾಗ್ರತೆ ಹತ್ತು ಮನೆಯ ಕೇಡು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲು ಇಡಬಾರದು. ಮಕ್ಕಳು ನೀರೆಂದು ಕುಡಿದಾರು. ೧೯೩೪ರ ಪೆಟ್ರೋಲಿಯಂ ಕಾನೂನಿನ ಪ್ರಕಾರ ಸ್ವಂತಕ್ಕೆಂದು ಪರವಾನಗಿಯಿಲ್ಲದೆ ೩೦ ಲೀಟರಿಗಿಂತ ಹೆಚ್ಚು ಇಡುವಂತಿಲ್ಲ. ಇಡುವುದನ್ನೂ ಬಿಗಿಯಾಗಿ ಮುಚ್ಚಿದ ಲೋಹದ ಪಾತ್ರೆಯಲ್ಲಿಡಬೇಕು, ಗಾಜಿನದಾದರೆ ಒಂದು ಲೀಟರಿಗೆ ಮೀರಬಾರದು.

ವಾಸ್ಕೋದಿಂದ ಲೋಂಡಾ, ಹುಬ್ಬಳ್ಳಿಯ ಹಾದಿಯಲ್ಲಿ ರೈಲಿನಲ್ಲಿ ಗಾಡಿ ಸಾಗಿಸುವವರು ಟಾಕಿಯನ್ನು ಬರಿದುಮಾಡಿಯೇ ಒಪ್ಪಿಸಬೇಕು. ಅದು ರೈಲ್ವೆಯ ನಿಯಮ. ಡಬ್ಬಿಯಲ್ಲಿ ಪೆಟ್ರೋಲು ಹಿಡಿದು ಡಬ್ಬಿ ಹತ್ತುವುದಂತೂ ಅಪರಾಧ. ೧೯೮೯ರ ರೈಲ್ವೆ ಕಾನೂನು ಅದಕ್ಕೆ ೩ ವರ್ಷದವರೆಗೆ ಸೆರೆವಾಸ ಹೇಳಿದೆ. ದಂಡದ ಭಯಕ್ಕಿಂತ, ಅದೇ ಡಬ್ಬಿಯಲ್ಲಿ ಕುಳಿತ ನೂರು ಜನರ ನೆನಪು ದೊಡ್ಡದಾಗಬೇಕು.

ಕೆಟ್ಟ ಪೆಟ್ರೋಲನ್ನು ಏನು ಮಾಡುವುದು? ಗಟಾರಕ್ಕೆ ಚೆಲ್ಲಬಾರದು, ಹಿತ್ತಲಲ್ಲಿ ಸುರಿಯಬಾರದು, ಒಲೆ ಹೊತ್ತಿಸಲು ಬಳಸಬಾರದು. ಗೋವೆಯ ನೆಲ ಜಂಬಿಟ್ಟಿಗೆಯದು. ತೂತು ತೂತಾದ ಕಲ್ಲು. ಮೇಲೆ ಚೆಲ್ಲಿದ್ದು ಕೆಳಗಿನ ಬಾವಿಗೆ ಇಳಿಯಲು ತಡವಿಲ್ಲ. ಒಮ್ಮೆ ಪೆಟ್ರೋಲು ಸೇರಿದ ಬಾವಿಯ ನೀರು ಬಹುಕಾಲ ಬಾಯಿಗೆ ಬಾರದು. ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಕೆಟ್ಟ ಎಣ್ಣೆ ಕೂಡಿಸಿ ವಿಲೇವಾರಿ ಮಾಡುವ ದೊಡ್ಡ ಗ್ಯಾರೇಜಿನವರನ್ನು ಕೇಳಿ ಒಪ್ಪಿಸಬೇಕು.

ಪಂಪಿನಲ್ಲಿ ಕೇಳತಕ್ಕದ್ದು

ಮನೆಯ ಜಾಗ್ರತೆ ನಮ್ಮದು. ಪಂಪಿನ ಜಾಗ್ರತೆ ಮಾರುವವರದು. ಆದರೆ ಕೇಳುವವರಿಲ್ಲದಿದ್ದರೆ ಕೊಡುವವರೂ ಇಲ್ಲ. ಪ್ರತಿಯೊಂದು ಪಂಪಿನಲ್ಲಿ ಸೋಸುಕ ಕಾಗದ ಇರಬೇಕು. ಅದರ ಮೇಲೆ ಒಂದು ಹನಿ ಪೆಟ್ರೋಲು ಬಿಟ್ಟರೆ ಎರಡು ನಿಮಿಷದಲ್ಲಿ ಕಲೆಯಿಲ್ಲದೆ ಆರಬೇಕು. ಜಿಡ್ಡಿನ ಕಲೆ ಉಳಿದರೆ ಕಲಬೆರಕೆಯ ಸಂಶಯ. ಅಳತೆಯ ಸಂಶಯವಿದ್ದರೆ ಮುದ್ರೆಯ ೫ ಲೀಟರು ಪಾತ್ರೆಯಲ್ಲಿ ಅಳೆದು ತೋರಿಸಬೇಕು. ಸಾಂದ್ರತೆಯನ್ನು ಅಳೆದು ತೋರಿಸೆಂದು ಕೇಳುವುದಕ್ಕೂ ಗಿರಾಕಿಗೆ ಹಕ್ಕುಂಟು. ದೂರಿನ ಪುಸ್ತಕ ಅಲ್ಲಿಯೇ ಇರಬೇಕು. ರಸೀದಿ ತಪ್ಪದೆ ಪಡೆಯಬೇಕು. ಹಾಕಿಸಿದ ಕೂಡಲೆ ಗಾಡಿ ನಿಂತರೆ ಮತ್ತೆ ಮತ್ತೆ ಕಿಕ್ ಹೊಡೆಯದೆ, ತಳದ ಪೆಟ್ರೋಲನ್ನು ನಾಲ್ಕು ಜನರೆದುರು ಸೀಸೆಗೆ ಬಸಿದು, ರಸೀದಿಯೊಡನೆ ದೂರು ಕೊಡಬೇಕು. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ೧೯೧೫.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ದೂರಮಾಡಬೇಕು. ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ತಳದ ಪದರ ಹಾಕಿದ ನೀರಿಗಿಂತ ದಪ್ಪವಾದುದನ್ನು ತೋರಿಸಿ, ಪಂಪಿನವನು ನೀರು ಬೆರೆಸಿದ್ದಾನೆಂದು ಕೂಗುವವರುಂಟು. ಹಾಗೆ ಹೆಚ್ಚಾದದ್ದು ಎಥನಾಲ್, ಸರಕಾರವೇ ಬೆರೆಸಿದ್ದು. ನೀರು ಹಾಕದೆಯೇ ಪದರ ಕಂಡರೆ ಮಾತ್ರ ಅದು ದೂರಿಗೆ ಅರ್ಹ. ಸುಳ್ಳು ದೂರು ನಿಜವಾದ ದೂರಿನ ಬೆಲೆಯನ್ನೂ ಕಳೆಯುತ್ತದೆ.

ಮಳೆಗಾಲದಲ್ಲಿ ಪಂಪಿನ ನೆಲದೊಳಗಿನ ಟಾಕಿಗೆ ನೀರು ನುಗ್ಗುವುದು ಕಲ್ಪನೆಯ ಮಾತಲ್ಲ. ೨೦೨೫ರ ಜೂನ್ ಕೊನೆಯಲ್ಲಿ ಮಧ್ಯಪ್ರದೇಶದ ರತ್ಲಾಮ್ ಹತ್ತಿರ ಅಲ್ಲಿಯ ಮುಖ್ಯಮಂತ್ರಿಗಳ ಸಂಗಡದ ೧೯ ಗಾಡಿಗಳು ಡೀಸೆಲ್ ತುಂಬಿಸಿಕೊಂಡು ಹೊರಟು ಸ್ವಲ್ಪ ದೂರದಲ್ಲಿಯೇ ಸಾಲಾಗಿ ನಿಂತವು. ಡೀಸೆಲಿನಲ್ಲಿ ನೀರಿತ್ತು. ಅಧಿಕಾರಿಗಳು ರಾತ್ರಿಯೇ ಓಡಿಬಂದರು. ಪಂಪಿಗೆ ಮುದ್ರೆ ಬಿತ್ತು. ಸಂತೋಷ. ಆದರೆ ಮುಖ್ಯಮಂತ್ರಿಗಳ ಗಾಡಿ ನಿಂತರೆ ಒಂದು ರಾತ್ರಿಯಲ್ಲಿ ಆಗುವ ಕೆಲಸ, ಬೈನಾದ ಗೌಂಡಿಯ ಸ್ಕೂಟರು ನಿಂತರೆ ಎಷ್ಟು ದಿನದಲ್ಲಿ ಆದೀತು? ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ಬೇಕು.

ಕಲಬೆರಕೆಯನ್ನು ತಡೆಯಹೋಗಿ ಪ್ರಾಣಕೊಟ್ಟವನೊಬ್ಬ ನಮ್ಮ ನಾಡಿನವನೇ. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರಪ್ರದೇಶದಲ್ಲಿದ್ದರು. ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಪಂಪಿನವರ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ ೨೦೦೫ರ ನವೆಂಬರ್ ೧೯ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ೨೭ ವರ್ಷ. ಪಂಪಿನಲ್ಲಿ ಒಂದು ತುಂಡು ಸೋಸುಕ ಕಾಗದ ಕೇಳಲು ನಾಚುವ ಪ್ರತಿಯೊಬ್ಬನೂ ಆ ಹುಡುಗನನ್ನು ನೆನೆಯಬೇಕು. ಆತ ಪ್ರಾಣ ಕೊಟ್ಟದ್ದು ನಮ್ಮ ಟಾಕಿಗೆ ಒಳ್ಳೆಯ ಎಣ್ಣೆ ಬೀಳಲೆಂದು.

ನಮ್ಮ ಬೇಡಿಕೆ

ಸರಕಾರಕ್ಕೂ ತೈಲ ಸಂಸ್ಥೆಗಳಿಗೂ ನಾವು ಹೇಳುವುದು ಇಷ್ಟು. ಹಳೆಯ ಗಾಡಿಗೆ ಹೊಸ ಪೆಟ್ರೋಲಿನಿಂದ ನಷ್ಟವೇ ಇಲ್ಲವೆನ್ನಬಾರದು. ಸರಕಾರದ ನೀತಿ ಆಯೋಗವೇ ೨೦೨೧ರಲ್ಲಿ ಹೊರಡಿಸಿದ ವರದಿಯಲ್ಲಿ, ಎಥನಾಲಿಲ್ಲದ ಪೆಟ್ರೋಲಿಗೆಂದು ಮಾಡಿ ಹತ್ತರ ಮಿಶ್ರಣಕ್ಕೆ ಹೊಂದಿಸಿದ ಎರಡು ಗಾಲಿಯ ಗಾಡಿಗಳು ಇಪ್ಪತ್ತರ ಮಿಶ್ರಣದಲ್ಲಿ ನೂರಕ್ಕೆ ಮೂರು ನಾಲ್ಕರಷ್ಟು ಕಡಿಮೆ ಓಡುವುವೆಂದೂ, ನಾಲ್ಕು ಗಾಲಿಯವು ಆರೇಳರಷ್ಟು ಕಡಿಮೆ ಓಡುವುವೆಂದೂ ಹೇಳಿದೆ. ತಿಂಗಳಿಗೆ ೨,೦೦೦ ರೂಪಾಯಿಯ ಪೆಟ್ರೋಲು ಸುಡುವ ತರಕಾರಿ ವ್ಯಾಪಾರಿಗೆ ಅದು ೬೦ರಿಂದ ೮೦ ರೂಪಾಯಿ. ದೊಡ್ಡವರಿಗೆ ಅದು ಲೆಕ್ಕವಲ್ಲ. ಅವನಿಗೆ ಮಕ್ಕಳ ನೋಟುಪುಸ್ತಕ. ಎಥನಾಲಿಲ್ಲದ ಪೆಟ್ರೋಲೂ ದೊರೆಯುವಂತಿರಬೇಕೆಂದು ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ೨೦೨೫ರ ಸೆಪ್ಟೆಂಬರ್ ೧ರಂದು ವಜಾ ಮಾಡಿತು. ನ್ಯಾಯಾಲಯದ ಮಾತು ಮುಗಿಯಿತು. ಸರಕಾರದ ಕರ್ತವ್ಯ ಮುಗಿದಿಲ್ಲ.

ಒಂದು, ಪ್ರತಿ ಪಂಪಿನಲ್ಲಿ ನೂರಕ್ಕೆ ಎಷ್ಟು ಎಥನಾಲ್ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಿಸಬೇಕು. ಕೊಂಕಣಿ, ಮರಾಠಿಯೊಡನೆ ಕನ್ನಡಿಗರು ಹೆಚ್ಚಾಗಿರುವ ವಾಸ್ಕೋದಂಥ ಊರಿನಲ್ಲಿ ಕನ್ನಡದಲ್ಲಿಯೂ ಬರೆಯಿಸಿದರೆ ಯಾರ ಮಾನವೂ ಹೋಗದು. ಎರಡು, ಮಳೆಗಾಲದ ನಾಲ್ಕು ತಿಂಗಳು ಪ್ರತಿದಿನ ನೆಲಟಾಕಿಯ ನೀರು ಪರೀಕ್ಷಿಸಿ, ಫಲಿತಾಂಶವನ್ನು ಹಲಗೆಯ ಮೇಲೆ ಬರೆಯಬೇಕು. ಮೂರು, ಹಳೆಯ ಗಾಡಿಗಳ ರಬ್ಬರು, ನಳಿಗೆ, ಸೋಸುಕಗಳನ್ನು ಅಸಲು ಬೆಲೆಗೆ ಬದಲಿಸಿಕೊಡುವ ಶಿಬಿರಗಳನ್ನು ಮಳೆಗೆ ಮುಂಚೆ ತೈಲ ಸಂಸ್ಥೆಗಳೂ ಗಾಡಿ ಕಂಪನಿಗಳೂ ಕೂಡಿ ನಡೆಸಬೇಕು. ನಾಲ್ಕು, ಕೆಟ್ಟ ಪೆಟ್ರೋಲನ್ನು ಒಪ್ಪಿಸಲು ಮುರಗಾವ ಪುರಸಭೆಯ ಹದ್ದಿನಲ್ಲಿ ಒಂದಾದರೂ ಸ್ಥಳ ಗೊತ್ತುಮಾಡಬೇಕು. ಮುರಗಾವ ಬಂದರಕ್ಕೆ ಹಡಗಿನಲ್ಲಿ ತೈಲ ತರಿಸಿ ಬೃಹತ್ ಟಾಕಿಗಳಲ್ಲಿ ತುಂಬಬಲ್ಲವರಿಗೆ, ಆ ಟಾಕಿಗಳ ನೆರೆಯಲ್ಲಿಯೇ ಬದುಕುವ ಜನರ ಎರಡು ಲೀಟರು ಹಳಸಿದ ಪೆಟ್ರೋಲನ್ನು ತೆಗೆದುಕೊಳ್ಳುವುದು ಅಸಾಧ್ಯವೇನಲ್ಲ.

ಅಲ್ಲಿಯ ಕನ್ನಡ ಸಂಘಗಳು, ಯುವಕ ಮಂಡಲಗಳು ಇದರಲ್ಲಿ ಮುಂದಾಗಬೇಕು. ರಾಜ್ಯೋತ್ಸವದ ಮೆರವಣಿಗೆಯಷ್ಟೇ ಕನ್ನಡದ ಕೆಲಸವಲ್ಲ. ರೋಹಿಣಿ ಮಳೆಗೆ ಮುಂಚೆ ಒಂದು ಭಾನುವಾರ ಇಬ್ಬರು ಬಲ್ಲ ಮಿಸ್ತ್ರಿಗಳನ್ನು ಓಣಿಗೆ ಕರೆತಂದು, ನೂರು ಗಾಡಿಗಳ ಮುಚ್ಚಳ, ನಳಿಗೆ ಪರೀಕ್ಷಿಸಿ, ಊರಿಗೆ ಹೊರಟವರ ಟಾಕಿ ಬಸಿಯಲು ಕಲಿಸಿಕೊಟ್ಟರೆ ಅದೂ ಕನ್ನಡಮ್ಮನ ಸೇವೆಯೇ. ಎತ್ತು ಮನೆಗೆ ಬಂದ ಕೂಡಲೆ ಮೈ ತಿಕ್ಕಿ, ನೀರು ಕುಡಿಸಿ, ಮೇವು ಹಾಕಿದ ಮೇಲೆಯೇ ತಾನು ಉಣ್ಣುವ ಒಕ್ಕಲಿಗನ ಮಕ್ಕಳು ನಾವು. ಎತ್ತಿನ ಜಾಗಕ್ಕೆ ಎಂಜಿನು ಬಂದಿದೆ. ಅದಕ್ಕೂ ಒಳ್ಳೆಯ ಮೇವು ಬೇಕು, ಹಳಸಿದ್ದು ಕೂಡದು. ಈ ಸಲದ ಬಿತ್ತಿಗೆಗೆ ಊರಿಗೆ ಹೊರಡುವ ಬಾಂಧವರು ಗಂಟು ಕಟ್ಟುವ ಮೊದಲು ಟಾಕಿ ಬಸಿಯುವರೆಂದು ನಂಬುತ್ತೇವೆ.